ಕುಂಬಾರನ ಕಿವಿ

“ಬುದ್ಧಿ, ಇಂಗ್ಲಿಷಿನವರ ‘ಕ್ರ್ಯಾಕ್’ ಎಂಬ ಮಾತಿನ ಮೂಲ ಎಲ್ಲಿದೆ?” ಎಂದು ಮರುಳಸಿದ್ಧ ಗುರುಗಳನ್ನು ಕೇಳಿದ.

ಅವನು ಮಠದಲ್ಲಿ ಕುಳಿತು ಹನ್ನೊಂದು ವರ್ಷದಿಂದ ನಿಘಂಟು ಬರೆಯುತ್ತಿದ್ದ. ಬರೆದು ಬರೆದು ಬೆನ್ನು ಬಗ್ಗಿತ್ತು, ಕಣ್ಣು ಮಂಜಾಗಿತ್ತು. ಬರೆಯಬೇಕಾದ ಮಾತುಗಳು ಮಾತ್ರ ಮುಗಿಯುತ್ತಿರಲಿಲ್ಲ. ಅದರಲ್ಲೂ ಈ ಒಂದು ಮಾತು ವಾರದಿಂದ ಅವನ ಜೀವ ಹಿಂಡುತ್ತಿತ್ತು.

“ಗೋಡೆಯ ಬಿರುಕಿಗೂ ಅದೇ ಮಾತು, ತಲೆಕೆಟ್ಟವನಿಗೂ ಅದೇ ಮಾತು. ಹಿಂದಕ್ಕೆ ಹೋಗಿ ಹುಡುಕಿದರೆ ಬಿರುಕೂ ಇಲ್ಲ, ಹುಚ್ಚೂ ಇಲ್ಲ. ಬರೀ ಸದ್ದು, ಏನೋ ಫಟ್ಟೆನ್ನುವ ಸದ್ದು. ಸದ್ದು ಮೊದಲು, ಬಿರುಕು ಆಮೇಲೆ. ಇದು ಹೇಗೆ, ಬುದ್ಧಿ?”

ಗುರುಗಳು ಗೋಡೆಗೆ ಒರಗಿದ್ದರು. ಅವರಿಗೆ ವಯಸ್ಸಾಗಿತ್ತು, ಮಾತಾಡಿದರೆ ದಣಿವಾಗುತ್ತಿತ್ತು. ಆದರೂ ಒಂದು ಕಥೆ ಹೇಳಿದರು.

ಒಬ್ಬ ಕುಂಬಾರನಿದ್ದ. ಅವನ ಕಿವಿ ಬಲು ಚುರುಕು. ಸುಟ್ಟ ಗಡಿಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರೆ ಸಾಕು, ಕಣ್ಣಿಗೆ ಕಾಣದ ಬಿರುಕೂ ಸಿಕ್ಕಿಬೀಳುತ್ತಿತ್ತು. ಅವನು ತಟ್ಟಿ ಕೊಟ್ಟದ್ದನ್ನು ಜನ ಕಣ್ಣುಮುಚ್ಚಿ ಕೊಳ್ಳುತ್ತಿದ್ದರು. ಹೆಸರು ಬಂತು. ಹೆಸರು ಬಂದ ಮೇಲೆ ಕೇಳಬೇಕೆ? ಅವನು ಗಡಿಗೆ ತಟ್ಟುವಾಗ ಮನೆಯಲ್ಲಿ ಯಾರೂ ಉಸಿರೆತ್ತುವಂತಿರಲಿಲ್ಲ.

ಮನೆಯಲ್ಲಿದ್ದವಳು ಹೆಂಡತಿಯೊಬ್ಬಳೇ. ಮಣ್ಣು ಹೊತ್ತು ತರುವವಳೂ ತುಳಿದು ಹದ ಮಾಡುವವಳೂ ಅವಳೇ. ಒಂದು ದಿನ ಮಣ್ಣು ತುಳಿಯುತ್ತ ಹೇಳಿದಳು, “ಯಾಕೋ ಕಾಲು ಎತ್ತಾಕೇ ಆಗ್ತಿಲ್ಲ ಕಣ್ರೀ. ಎದೆ ಡವಡವ ಅಂತದೆ.”

“ಸುಮ್ಕಿರು, ಗಡಿಗೆ ಸದ್ದು ಕೇಳಿಸಾಕಿಲ್ಲ,” ಎಂದ ಕುಂಬಾರ.

ವಾರ ಬಿಟ್ಟು ಮತ್ತೆ ಹೇಳಿದಳು. ಮತ್ತೆ ಗದರಿದ. ಆಮೇಲೊಂದು ದಿನ ಅವಳು ಬಾಯಿ ತೆರೆಯುವಷ್ಟರಲ್ಲೇ ಕೈ ಅಡ್ಡ ಹಿಡಿದ. ಅಲ್ಲಿಗೆ ಅವಳು ಹೇಳುವುದನ್ನು ಬಿಟ್ಟಳು. ಮನೆ ತಣ್ಣಗಾಯಿತು. ಹೆಂಡತಿಗೆ ಕೊನೆಗೂ ತನ್ನ ಕೆಲಸದ ಬೆಲೆ ತಿಳಿಯಿತೆಂದು ಅವನು ಒಳಗೊಳಗೇ ಹಿಗ್ಗಿದ. ಆ ಬೇಸಿಗೆಯಲ್ಲಿ ಅವನು ಮಾರಿದ ಒಂದು ಗಡಿಗೆಯೂ ಸೋರಿ ಹಿಂದಕ್ಕೆ ಬರಲಿಲ್ಲ.

ಒಂದು ಮಧ್ಯಾಹ್ನ ಮಣ್ಣು ತಾ ಎಂದು ಕೂಗಿದ. ಉತ್ತರವಿಲ್ಲ. ಸಿಟ್ಟಿನಿಂದ ಎದ್ದು ಹೋಗಿ ನೋಡಿದರೆ, ಅವಳು ತುಳಿಯುತ್ತಿದ್ದ ಮಣ್ಣಿನ ಮೇಲೆಯೇ ಬಿದ್ದಿದ್ದಳು. ವೈದ್ಯ ಬಂದು ನಾಡಿ ಹಿಡಿದ. ಹಿಡಿದ ಕೈಯನ್ನು ಮೆಲ್ಲಗೆ ಕೆಳಗಿಟ್ಟ.

“ಎಷ್ಟು ದಿವಸದಿಂದ ಹಿಂಗಿತ್ತು?”

“ನಂಗೇನ್ ಗೊತ್ತು ಸ್ವಾಮಿ! ಒಂದು ದಿನಾನೂ ಬಾಯಿ ಬಿಡ್ಲಿಲ್ವಲ್ಲ,” ಎಂದು ಕುಂಬಾರ ಎದೆ ಬಡಿದುಕೊಂಡು ಅತ್ತ.

ಅವನು ಸುಳ್ಳು ಹೇಳುತ್ತಿರಲಿಲ್ಲ. ಅವಳು ಹೇಳಿದ್ದೆಲ್ಲ ಅವನ ಕಿವಿಗೆ ಕೆಲಸಕ್ಕೆ ಅಡ್ಡಬಂದ ಗದ್ದಲವಾಗಿತ್ತು, ಅಷ್ಟೆ.

ಗುರುಗಳು ಕಥೆ ಮುಗಿಸಿ ದಣಿದು ಕಣ್ಣು ಮುಚ್ಚಿಕೊಂಡರು. ಮರುಳಸಿದ್ಧನಿಗೆ ಸಂತೋಷ ತಡೆಯಲಾಗಲಿಲ್ಲ. ವಾರದ ಗಂಟು ಬಿಚ್ಚಿತ್ತು. ಇವತ್ತಾದರೂ ಈ ಮಾತನ್ನು ಮುಗಿಸಿ ಬೆನ್ನು ನೆಟ್ಟಗೆ ಮಾಡಬಹುದು. ಅವನು ಲೇಖನಿ ಎತ್ತಿಕೊಂಡು, ಹಾಳೆಯಿಂದ ತಲೆ ಎತ್ತದೆಯೇ ಕೇಳಿದ, “ಹಾಗಾದರೆ ಮೊದಲನೆಯ ಅರ್ಥ ಸದ್ದು ಎಂದೇ ಬರೆದುಕೊಳ್ಳಲೇ, ಬುದ್ಧಿ?”

“ಬರೆದುಕೊಳ್ಳಪ್ಪ, ಬೆಳಗಿನಿಂದ ನಾನು ಮೂರು ಸಲ ನೀರು ಕೇಳಿದೆ.”