ಕೂಸಿನ ನೋಟ ಎಲ್ಲಿ ಹೋಯಿತು?

ಕೇಳಿ ಮಕ್ಕಳೇ, ಕೇಳಿ. ಬಾಯಲ್ಲಿ ಬೆರಳಿಟ್ಟವರು ಬೆರಳು ತೆಗೆದು ಕೇಳಿ.

ಮಾದೇವಿಗೆ ಒಬ್ಬ ತಮ್ಮ ಹುಟ್ಟಿದ. ಇನ್ನೂ ಹೆಸರಿಟ್ಟಿರಲಿಲ್ಲ. ಎಲ್ಲರೂ ಕೂಸು, ಕೂಸು ಅನ್ನುತ್ತಿದ್ದರು. ಕೂಸು ಮಾದೇವಿಯನ್ನು ನೋಡಿತು. ಪಿಳಿ ಪಿಳಿ ಕಣ್ಣು ಬಿಟ್ಟು ನೋಡಿತು. ಮಾದೇವಿಗೆ ಖುಷಿಯೋ ಖುಷಿ.

ಸಂಜೆ ಅಜ್ಜಿ ಕೂಸಿನ ಕಣ್ಣಿಗೆ ಕಾಡಿಗೆ ಹಚ್ಚಿದಳು. ಹರಳೆಣ್ಣೆ ದೀಪದ ಹೊಗೆ ಹಿಡಿದು ಮಾಡಿದ ಕಾಡಿಗೆ. "ಕಣ್ಣು ದೊಡ್ಡದಾಗಲಿ, ನನ್ನ ಬಂಗಾರ" ಅಂದಳು.

ಬೆಳಿಗ್ಗೆ ಮಾದೇವಿ ಎದ್ದು ಬಂದಳು. ಕೂಸಿನ ಕಣ್ಣು ಮುಚ್ಚಿತ್ತು. ರೆಪ್ಪೆ ಊದಿತ್ತು. ಹಳದಿ ಗೀಜು ಅಂಟಿತ್ತು. ಅಯ್ಯೋ, ಕೂಸಿನ ನೋಟ ಕಳೆದೇ ಹೋಗಿತ್ತು!

"ಕಣ್ಣೇ ಕಣ್ಣೇ, ತೆರೆ. ಕೂಸು ನನ್ನ ನೋಡದು."

"ನಾನು ತೆರೆಯಲಾರೆ. ಗೀಜು ಬಿಡಲಿ" ಅಂತು ಕಣ್ಣು.

"ಗೀಜೇ ಗೀಜೇ, ಬಿಡು. ಕಣ್ಣು ತೆರೆಯದು, ಕೂಸು ನನ್ನ ನೋಡದು."

"ನಾನು ಬಿಡಲ್ಲ. ಹತ್ತಿ ಒರೆಸಲಿ ನೋಡೋಣ" ಅಂತು ಗೀಜು.

"ಹತ್ತಿಯೇ ಹತ್ತಿಯೇ, ಒರೆಸು. ಗೀಜು ಬಿಡದು, ಕಣ್ಣು ತೆರೆಯದು, ಕೂಸು ನನ್ನ ನೋಡದು."

"ನಾನು ಒರೆಸಲ್ಲ. ಒಣಗಿದ್ದೇನೆ, ಎಳೆ ಕಣ್ಣಿಗೆ ನೋವಾಗುತ್ತೆ. ನೀರು ನೆನೆಸಲಿ" ಅಂತು ಹತ್ತಿ.

"ನೀರೇ ನೀರೇ, ನೆನೆಸು. ಹತ್ತಿ ಒರೆಸದು, ಗೀಜು ಬಿಡದು, ಕಣ್ಣು ತೆರೆಯದು, ಕೂಸು ನನ್ನ ನೋಡದು."

"ನಾನು ನೆನೆಸಲ್ಲ. ಕುದಿಯದ ನೀರು ಕೂಸಿನ ಕಣ್ಣಿಗೆ ಆಗದು. ಒಲೆ ಕಾಯಿಸಲಿ" ಅಂತು ನೀರು.

"ಒಲೆಯೇ ಒಲೆಯೇ, ಕಾಯಿಸು. ನೀರು ನೆನೆಸದು, ಹತ್ತಿ ಒರೆಸದು, ಗೀಜು ಬಿಡದು, ಕಣ್ಣು ತೆರೆಯದು, ಕೂಸು ನನ್ನ ನೋಡದು."

"ನನ್ನೊಳಗೆ ಬರೀ ಬೂದಿ. ಅಜ್ಜಿ ಹೊತ್ತಿಸಲಿ" ಅಂತು ಒಲೆ.

"ಅಜ್ಜಿ ಅಜ್ಜಿ, ಹೊತ್ತಿಸು. ಒಲೆ ಕಾಯಿಸದು, ನೀರು ನೆನೆಸದು, ಹತ್ತಿ ಒರೆಸದು, ಗೀಜು ಬಿಡದು, ಕಣ್ಣು ತೆರೆಯದು, ಕೂಸು ನನ್ನ ನೋಡದು."

ಅಜ್ಜಿ ಕೈಯಲ್ಲಿ ಕಾಡಿಗೆ ಡಬ್ಬಿ ಇತ್ತು. "ಹೋಗೇ, ಒಲೆ ಯಾಕೆ? ಇನ್ನೊಂದು ಸಲ ಕಾಡಿಗೆ ಹಚ್ಚಿದರೆ ಸರಿಹೋಗುತ್ತೆ. ನಮ್ಮವ್ವ ನನಗೆ ಹಚ್ಚಿದಳು. ನಾನು ನಿಮ್ಮವ್ವನಿಗೆ ಹಚ್ಚಿದೆ."

ಮಾದೇವಿಗೆ ಭಯವಾಯಿತು. ಕೂಸು ಇನ್ನು ಯಾವತ್ತೂ ನೋಡದಿದ್ದರೆ? ಅಳುತ್ತಾ ಬೀದಿಗೆ ಓಡಿದಳು. ಬಾಣಂತಿಯನ್ನು ನೋಡಲು ನರ್ಸಮ್ಮ ಬರುತ್ತಿದ್ದರು.

"ನರ್ಸಮ್ಮ ನರ್ಸಮ್ಮ, ಹೇಳಿ! ಅಜ್ಜಿ ಹೊತ್ತಿಸಳು, ಒಲೆ ಕಾಯಿಸದು, ನೀರು ನೆನೆಸದು, ಹತ್ತಿ ಒರೆಸದು, ಗೀಜು ಬಿಡದು, ಕಣ್ಣು ತೆರೆಯದು, ಕೂಸು ನನ್ನ ನೋಡದು!"

ನರ್ಸಮ್ಮ "ಹೇಳಲ್ಲ" ಅನ್ನಲಿಲ್ಲ. ಸರಸರ ಬಂದರು.

"ಅಜ್ಜಿ, ಒಲೆ ಊದುವಾಗ ಕಣ್ಣಿಗೆ ಹೊಗೆ ಹೋದರೆ ಏನಾಗುತ್ತೆ?"

"ಉರಿಯುತ್ತೆ. ಇನ್ನೇನು?"

"ಕಾಡಿಗೆ ಮಾಡಿದ್ದು ಯಾವುದರಿಂದ?"

ಅಜ್ಜಿ ಕೈಯಲ್ಲಿದ್ದ ಡಬ್ಬಿ ಕೆಳಗಿಟ್ಟಳು.

"ಬೆರಳಿನ ಕೊಳೆಯೂ ಕಣ್ಣೊಳಗೆ ಹೋಗುತ್ತೆ, ಅಜ್ಜಿ."

"ಪ್ರೀತಿಯಿಂದ ಹಚ್ಚಿದೆ ಕಣಮ್ಮ."

"ಗೊತ್ತು ಅಜ್ಜಿ. ಬೇಕಾದರೆ ದೃಷ್ಟಿಬೊಟ್ಟು ಅಂತ ಅಂಗಾಲಿಗೆ ಹಚ್ಚಿ. ಕಣ್ಣಿಗೆ ಬೇಡ."

ಅಜ್ಜಿ ಸೋಪು ಹಾಕಿ ಕೈ ತೊಳೆದಳು. ಆಮೇಲೆ?

ನರ್ಸಮ್ಮ ಹೇಳಿದರು, ಅಜ್ಜಿ ಹೊತ್ತಿಸಿದಳು. ಅಜ್ಜಿ ಹೊತ್ತಿಸಿದಳು, ಒಲೆ ಕಾಯಿಸಿತು. ಒಲೆ ಕಾಯಿಸಿತು, ನೀರು ಕುದಿಯಿತು, ಆರಿತು, ನೆನೆಸಿತು. ನೀರು ನೆನೆಸಿತು, ಹತ್ತಿ ಮೆಲ್ಲಗೆ ಒರೆಸಿತು. ಹತ್ತಿ ಒರೆಸಿತು, ಗೀಜು ಬಿಟ್ಟಿತು. ಗೀಜು ಬಿಟ್ಟಿತು, ಕಣ್ಣು ತೆರೆಯಿತು.

ಆದರೆ ಸ್ವಲ್ಪವೇ ತೆರೆಯಿತು. ಒಳಗೆ ಕೆಂಪು ಕೆಂಪು. ಕೂಸು ನೋಡಲಿಲ್ಲ.

"ಇದಕ್ಕೆ ಡಾಕ್ಟರೇ ಔಷಧಿ ಕೊಡಬೇಕು. ಈಗಲೇ ಹೊರಡಿ" ಅಂದರು ನರ್ಸಮ್ಮ.

ಬಾಣಂತಿ ಹೊಸಿಲು ದಾಟಬಾರದು ಅನ್ನುತ್ತಿದ್ದ ಅಜ್ಜಿಯೇ ಆಟೋ ಕರೆಸಿದಳು. ಅವ್ವನ ಕಿವಿಗೆ ಬಟ್ಟೆ ಕಟ್ಟಿದಳು. ಡಾಕ್ಟರು ಕೂಸಿನ ಕಣ್ಣಿಗೆ ಔಷಧಿ ಬಿಟ್ಟರು. ಮನೆಯಲ್ಲಿ ಬಿಡುವುದಕ್ಕೂ ಕೊಟ್ಟರು.

ದಿನ ಕಳೆಯಿತು. ಇನ್ನೂ ಒಂದಷ್ಟು ದಿನ ಕಳೆಯಿತು. ಅಜ್ಜಿ ಮಾತ್ರ ಕೂಸಿನ ಹತ್ತಿರ ಬರಲಿಲ್ಲ. "ನನ್ನ ಕೈಯಿಂದಲೇ ಹೀಗಾಯಿತು" ಅಂತ ಮೂಲೆಯಲ್ಲಿ ಕೂತುಬಿಟ್ಟಳು. ಪಾಪ ಅಜ್ಜಿ.

ಒಂದು ಬೆಳಿಗ್ಗೆ ಗೀಜಿಲ್ಲ, ಕೆಂಪಿಲ್ಲ. ಕಣ್ಣು ಪೂರ್ತಿ ತೆರೆಯಿತು. ಕೂಸು ಮಾದೇವಿಯನ್ನು ನೋಡಿತು. ಪಿಳಿ ಪಿಳಿ ಕಣ್ಣು ಬಿಟ್ಟು ನೋಡಿತು. ಮಾದೇವಿ ಕದಲದೆ ಕೂತಳು. ಎಷ್ಟು ನೋಡಿಸಿಕೊಂಡರೂ ಅವಳಿಗೆ ಸಾಲದು.

ಆಮೇಲೆ ಅವಳು ಎದ್ದಳು. ಮೂಲೆಯಲ್ಲಿದ್ದ ಅಜ್ಜಿಯ ಕೈ ಹಿಡಿದು ಎಳೆದು ತಂದಳು. ತನ್ನ ಜಾಗದಲ್ಲಿ ಕೂರಿಸಿದಳು.

"ಕೂಸೇ ಕೂಸೇ, ನನ್ನ ನೋಡಿದ್ದು ಸಾಕು. ಈಗ ಅಜ್ಜೀನ ನೋಡು."

ಕೂಸು ನೋಡಿತು.