ಗ್ಲೋವಿನ ಬಾರು

"ಅಡುಗೆಯ ಶಂಕ್ರವ್ವನನ್ನು ಕೆಲಸದಿಂದ ಬಿಡಿಸಿಬಿಡಲೇ, ಅಜ್ಜಯ್ಯ?" ಎಂದು ಕೊಟ್ರಯ್ಯ ಕೇಳಿದ.

ಮಠದ ಉಚಿತ ವಿದ್ಯಾರ್ಥಿನಿಲಯದ ಉಸ್ತುವಾರಿ ಅವನದು. ಬೆಳಗಿನ ಊಟ ದಿನವೂ ತಡವಾಗುತ್ತಿತ್ತು. ಹುಡುಗರು ಅರೆಹೊಟ್ಟೆಯಲ್ಲಿ ಶಾಲೆಗೆ ಓಡುತ್ತಿದ್ದರು. ಆ ಮಠದಲ್ಲಿ ಹಿಂದಿನಿಂದ ಬಂದ ಒಂದು ಕಟ್ಟಳೆ ಇತ್ತು. ಬೆಳಗಿನ ಗಂಟೆ ಬಾರಿಸದೆ ಯಾರೂ ಬಾವಿಯಲ್ಲಿ ನೀರು ಸೇದುವಂತಿಲ್ಲ. ನೀರು ಬರದೆ ಒಲೆ ಹಚ್ಚುವಂತಿಲ್ಲ. ಒಲೆಯ ಮುಂದೆ ಇರುವವಳು ಶಂಕ್ರವ್ವ, ಆದ್ದರಿಂದ ಬೈಸಿಕೊಳ್ಳುವವಳೂ ಶಂಕ್ರವ್ವ. ಗಂಡ ತೀರಿಕೊಂಡ ಮೇಲೆ ಅವಳಿಗೆ ಆ ಒಲೆ ಬಿಟ್ಟರೆ ಬೇರೆ ಗತಿ ಇರಲಿಲ್ಲ. ಅದು ಕೊಟ್ರಯ್ಯನಿಗೂ ಗೊತ್ತಿತ್ತು. ಆದರೆ ಅವನಿಗೆ ರೇಗಿಹೋಗಿತ್ತು.

"ಗದರಿಸಿ ಗದರಿಸಿ ನನ್ನ ಗಂಟಲು ಹೋಯಿತು. ಅವಳಿಗೆ ನಾಟುವುದೇ ಇಲ್ಲ" ಎಂದ.

"ಬಿಡಿಸುವೆಯಂತೆ ಮಾರಾಯ, ಅವಸರವೇನು? ಕೂತುಕೋ" ಎಂದರು ಮಠದ ಹಿರಿಯರಾದ ಅಜ್ಜಯ್ಯ. ಕತೆ ಶುರುಮಾಡಿದರು.

ಒಬ್ಬ ಆಟಗಾರನಿದ್ದ. ಅವನದು ಬೇಸ್‌ಬಾಲ್ ಎಂಬ ಆಟ. ನಮ್ಮ ಕ್ರಿಕೆಟ್ಟಿಗೆ ಅದು ದೂರದ ನೆಂಟ ಅನ್ನು. ಚೆಂಡು ಹಿಡಿಯಲು ಒಂದು ಕೈಗೆ ದೊಡ್ಡ ತೊಗಲಿನ ಗ್ಲೋವು ಹಾಕಿಕೊಳ್ಳುತ್ತಾರೆ. ಅದರ ಬೆರಳುಗಳನ್ನೆಲ್ಲ ಒಂದೇ ತೊಗಲಿನ ಬಾರು ಹಿಡಿದು ನಿಲ್ಲಿಸಿರುತ್ತದೆ. ಬಾರು ಮಣಿಕಟ್ಟಿನ ಬಳಿ ಹೊರಟು, ತೂತಿನಿಂದ ತೂತಿಗೆ ಹಾಯ್ದು, ಹೆಬ್ಬೆರಳಿನ ಪಕ್ಕದಲ್ಲಿ ಚೆಂಡು ಸಿಕ್ಕಿಕೊಳ್ಳುವ ತೊಗಲಿನ ಬಲೆಯಲ್ಲಿ ಗಂಟಾಗಿ ಮುಗಿಯುತ್ತದೆ.

ಈ ಆಟಗಾರನ ಕೈಯಿಂದ ಚೆಂಡು ಜಾರತೊಡಗಿತು. ಜಾರುತ್ತಿದ್ದದ್ದು ಬಲೆಯಲ್ಲಿ. ಅವನು ಅಲ್ಲಿಯ ಗಂಟನ್ನು ಬಿಚ್ಚಿ, ಬಾರನ್ನು ಜಗ್ಗಿ ಬಿಗಿದ. ಒಂದೆರಡು ದಿನ ಸರಿಹೋಯಿತು. ಮತ್ತೆ ಜಾರಿತು. ಮತ್ತೆ ಜಗ್ಗಿದ. ಹಲ್ಲು ಕಚ್ಚಿ ಜಗ್ಗಿದ. ಬಾರು ಅಲ್ಲಿ ನವೆದು ದಾರದಂತಾಯಿತು. ಕಡೆಗೆ, ಗೆಲ್ಲಲೇಬೇಕಾದ ಆಟದ ದಿನ, ಕೈಗೆ ಬಂದ ಚೆಂಡು ಗಂಟನ್ನು ಹರಿದುಕೊಂಡು ಅವನ ಮುಖಕ್ಕೇ ಬಡಿಯಿತು. ತಂಡ ಸೋತಿತು.

ಅವನು ಅದೇ ತಂಡದ ಹಿರಿಯ ಆಟಗಾರನ ಬಳಿ ಹೋದ. "ಈ ದರಿದ್ರ ಬಾರು ನನ್ನ ಮಾನ ಕಳೆಯಿತು. ಕಿತ್ತು ಬಿಸಾಕಿ ಬೇರೆ ಹಾಕಿಸುತ್ತೇನೆ" ಎಂದ.

"ಬಿಸಾಕುವೆಯಂತೆ. ಮೊದಲು ಇತ್ತ ತಾ" ಎಂದ ಹಿರಿಯ.

ಅವನು ಗಂಟಿನ ಕಡೆ ತಿರುಗಿಯೂ ನೋಡಲಿಲ್ಲ. ಗ್ಲೋವನ್ನು ಮಗುಚಿ ಮಣಿಕಟ್ಟಿನ ಬಳಿ ಬಾರಿನ ಕೆಳಗೆ ಬೆರಳು ಹಾಕಿದ. ಬೆರಳು ಸಲೀಸಾಗಿ ತೂರಿತು. ದಿನವೂ ಕೈ ತುರುಕಿ, ಕೈ ಕಿತ್ತು, ಬಾರು ಅಲ್ಲಿ ಜೋಲುಬಿದ್ದಿತ್ತು. ಅಲ್ಲಿಯ ಸಡಿಲವೇ ತೂತಿನಿಂದ ತೂತಿಗೆ ಸರಿದು ಬಲೆಗೆ ಬರುತ್ತಿತ್ತು. ಹಿರಿಯ ಮೊದಲು ಬಾರಿಗೆ ಎಣ್ಣೆ ಸವರಿದ. ಒಣಗಿ ಕಟ್ಟಿಗೆಯಾಗಿದ್ದದ್ದು ಮೆತ್ತಗಾಯಿತು. ಆಮೇಲೆ ಮೊದಲ ತೂತಿನಿಂದ ಹಿಡಿದು ಒಂದೊಂದೇ ತೂತಿನ ಸಡಿಲವನ್ನು ಮುಂದಕ್ಕೆ ಎಳೆಯುತ್ತಾ ಬಂದ. ಎಲ್ಲಿಯೂ ಜೋರು ಮಾಡಲಿಲ್ಲ. ಬಲೆಗೆ ಬರುವಷ್ಟರಲ್ಲಿ ಗೇಣುದ್ದ ಬಾರು ಕೈಗೆ ಬಂದಿತ್ತು. ಹರಿದು ಗಿಡ್ಡವಾಗಿದ್ದ ಆ ಬಾರೇ ಹೊಸ ಗಂಟಿಗೆ ಸಾಕಾಗಿ ಇನ್ನೂ ಮಿಕ್ಕಿತು.

ಅಜ್ಜಯ್ಯ ಕತೆ ಮುಗಿಸಿದರು.

ಕೊಟ್ರಯ್ಯನಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ, ಎಂಥಾ ಪೆದ್ದ ಅಜ್ಜಯ್ಯ ಅವನು! ಪಾಪದ ಗಂಟನ್ನು ಹಿಡಿದು ಜಗ್ಗುತ್ತಾ ಕೂತಿದ್ದನಲ್ಲ! ದಿನಾ ತಾನೇ ಕೈ ತುರುಕುವ ಜಾಗವನ್ನು ಒಂದು ಸಲ ನೋಡಿಕೊಳ್ಳಬಾರದಿತ್ತೇ?"

ಅಜ್ಜಯ್ಯನೂ ನಕ್ಕರು. ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದರು. ಬಾಗಿಲ ತನಕ ಹೋಗಿ ತಿರುಗಿ ನಿಂತರು.

"ಅದಿರಲಿ ಕೊಟ್ರಯ್ಯ, ಈಚೆಗೆ ನೀನು ಎದ್ದು ಬಂದು ಗಂಟೆ ಬಾರಿಸುವ ಹೊತ್ತಿಗೆ ಬಿಸಿಲು ಎಲ್ಲಿಯವರೆಗೆ ಬಂದಿರುತ್ತದೆ?"