ತೊಲೆಗೆ ತಲೆ ತಾಗಿದವನು ರಕ್ಕಸ

ಹೂಂಗುಟ್ಟೋರು ಇದ್ದೀರಾ? ಇದ್ರೆ ಹೇಳ್ತೀನಿ, ಇಲ್ಲಾಂದ್ರೆ ನನಗೂ ನಿದ್ದೆ ಬರ್ತದೆ, ಹೋಗಿ ಮಲಗ್ತೀನಿ.

ಎಲ್ಲೋ ಒಂದು ಸೀಮೆ, ಯಾವುದೋ ಒಂದು ಕಾಲ. ಆ ಸೀಮೆಗೊಬ್ಬ ರಾಜ ಇದ್ದನಂತೆ. ಅವನ ರಾಜ್ಯ ಮುಗಿಯೋ ಕಡೆ ಒಂದು ಗೋಡೆ, ಗೋಡೆ ಆಚೆಗೆ ರಕ್ಕಸರ ನಾಡು. ರಾಜನಿಗೆ ರಕ್ಕಸರು ಅಂದ್ರೆ ಕೈಕಾಲು ನಡುಕ. ಹಾಗಂತ ಒಬ್ಬ ರಕ್ಕಸನನ್ನಾದ್ರೂ ಕಂಡಿದ್ನಾ? ಇಲ್ಲ. "ಬಂದವನು ರಕ್ಕಸನೋ ಮನುಷ್ಯನೋ ಅಂತ ತಿಳಿಯೋದು ಹೇಗಯ್ಯಾ?" ಅಂತ ಮಂತ್ರೀನ ಕೇಳಿದನಂತೆ. ಮಂತ್ರಿ ಗೋಡೆಗೊಂದು ಬಾಗಿಲು ಇಡಿಸಿ, ಮೇಲೆ ಅಡ್ಡಕ್ಕೆ ಹೊನ್ನೆಮರದ ದಪ್ಪ ತೊಲೆ ಹಾಕಿಸಿದ. "ತೊಲೆಗೆ ತಲೆ ತಾಗಿದವನು ರಕ್ಕಸ, ತಲೆ ಬಗ್ಗಿಸಿದವನು ಕಳ್ಳ, ತಲೆ ಎತ್ತಿ ದಾಟಿದವನು ಮನುಷ್ಯ, ಬುದ್ಧಿ" ಅಂದ. ರಾಜನಿಗೆ ಖುಷಿಯೋ ಖುಷಿ. ಬಾಗಿಲು ಕಾಯೋಕೆ ಒಂದು ಪಡೆನೇ ಕಟ್ಟಿದ, ತೊಲೆಬಾಗಿಲ ಪಡೆ ಅಂತ.

ರಾಜ ಸತ್ತ, ರಾಜನ ಮಗ ಸತ್ತ, ಮೊಮ್ಮಗನೂ ಸತ್ತ. ಪಡೆ ಮಾತ್ರ ಮೀಸೆ ತಿರುವಿಕೊಂಡು, ಈಟಿ ಹಿಡ್ಕೊಂಡು ಅಲ್ಲೇ ನಿಂತಿತ್ತು. ರಕ್ಕಸರು ವೇಷ ಹಾಕ್ಕೊಂಡು ಪಡೆ ಒಳಗೇ ಸೇರಿಕೊಂಡಿದ್ರೆ ಏನು ಗತಿ ಅಂತ, ಹುಣ್ಣಿಮೆಗೊಂದು ಸಲ ಬೆಳಗ್ಗೆ ಒಬ್ಬೊಬ್ಬ ಸಿಪಾಯೀನೂ ತಲೆ ಎತ್ತಿ ತೊಲೆ ಕೆಳಗೆ ನಡೀಬೇಕು, ನಾನಿನ್ನೂ ಮನುಷ್ಯನೇ ಅಂತ ತೋರಿಸ್ಬೇಕು. ಅಮಾವಾಸ್ಯೆಗೆ ಅವರ ಹೆಂಡಂದಿರ ಸೇವೆ. ಬುಟ್ಟಿ ತುಂಬ ಕೆಮ್ಮಣ್ಣು ತಂದು ಬಾಗಿಲ ನೆಲಕ್ಕೆ ಸುರಿದು, ಬಡಿದು ಗಟ್ಟಿ ಮಾಡಿ, ಸಗಣಿ ಸಾರಿಸಿ, ರಂಗೋಲಿ ಬಿಡೋದು. ಹಳೇ ಮಣ್ಣು ಕೆರೆಯೋ ಹಾಗಿಲ್ಲ, ಅದು ದೇವರ ನೆಲ. ಹಳೇದರ ಮೇಲೆ ಹೊಸದು, ಹೊಸದರ ಮೇಲೆ ಇನ್ನೂ ಹೊಸದು. ಅಜ್ಜಿ ಹಾಕಿದ್ದು, ಮುತ್ತಜ್ಜಿ ಹಾಕಿದ್ದು, ಎಲ್ಲಾ ಅಲ್ಲೇ ಕೂತಿತ್ತು.

ನಿಜವಾದ ರಕ್ಕಸರು ಬರ್ತಿರಲಿಲ್ವಾ ಅಂತ ಕೇಳ್ತೀರಿ. ಬರ್ತಿದ್ದ ಕಣ್ರಪ್ಪ ಒಬ್ಬ! ಸಣ್ಣಪ್ಪ ಅಂತ ಹೆಸರು, ಅವರ ಮನೇಲಿ ಅವನೇ ಕಿರಿಯ. ತೆಂಗಿನಮರ ಅವನ ಸೊಂಟಕ್ಕೆ ಬರೋದು. ಸಂತೆ ದಿನ ಮೆಣಸಿನಕಾಯಿಗೆ ಅಂತ ಬರೋನು, ಗೋಡೆ ಮೇಲಿಂದ ಒಂದು ಕಾಲು ಈಚೆ ಇಡೋನು, ಆಮೇಲೆ ಇನ್ನೊಂದು. ಸಿಪಾಯಿಗಳು, "ಯಾರಲ್ಲಿ? ತೊಲೆಗೆ ತಲೆ ತಾಗ್ತಾ?" ಅಂತ ಕೂಗೋರು. "ಇಲ್ಲ ಸ್ವಾಮಿ, ನಾನು ಆ ಕಡೆಗೇ ಬರಲಿಲ್ಲ" ಅನ್ನೋನು. "ಹಾಗಾದ್ರೆ ಹೋಗು" ಅನ್ನೋರು. ನಗಬೇಡಿ, ಕಥೆ ಕೇಳಿ.

ಆ ಪಡೇಲಿ ಪಾಲಯ್ಯ ಅಂತ ಒಬ್ಬ ಸಿಪಾಯಿ, ಸ್ವಲ್ಪ ಉದ್ದನೆ ಆಳು. ಅವನ ಹೆಂಡತಿ ಈರಕ್ಕ. ಆಗ ತಾನೇ ಬಾಣಂತನ ಮುಗಿಸ್ಕೊಂಡು ತವರಿಂದ ಮಗು ಎತ್ಕೊಂಡು ಗಂಡನ ಮನೆಗೆ ಹೊರಟಿದ್ಳು. ಅವಳು ದಾರೀಲಿರುವಾಗಲೇ ಹುಣ್ಣಿಮೆ ಬಂತು. ಪಾಲಯ್ಯ ಎದೆ ಉಬ್ಬಿಸಿ, ತಲೆ ಎತ್ತಿ ನಡೆದ. ಠಪ್! ತಲೆ ತೊಲೆಗೆ ಬಡೀತು.

ಪಡೆ ಹುಟ್ಟಿದಾಗಿಂದ ಒಬ್ಬ ರಕ್ಕಸನೂ ಸಿಕ್ಕಿರಲಿಲ್ಲ ನೋಡಿ, ಎಲ್ಲರಿಗೂ ಹಿಗ್ಗೋ ಹಿಗ್ಗು. ನಗಾರಿ ಬಾರಿಸಿದ್ರು, ಬೆಲ್ಲ ಹಂಚಿದ್ರು. ಪಾಲಯ್ಯನ ಕೈಗೂ ಒಂದು ಚೂರು ಬೆಲ್ಲ ಇಟ್ಟು ಗೋಡೆ ಆಚೆಗೆ ಅಟ್ಟಿದ್ರು. ಅವನೂ ಅಷ್ಟೇ, "ಅಯ್ಯೋ, ನಾನು ರಕ್ಕಸ ಅಂತ ನನಗೇ ಗೊತ್ತಿರಲಿಲ್ಲವಲ್ಲ" ಅಂತ ಕಣ್ಣೀರು ಹಾಕ್ಕೊಂಡು ಹೋದನಂತೆ.

ಈರಕ್ಕ ಬಂದು ನೋಡ್ತಾಳೆ, ಗಂಡ ಇಲ್ಲ! ಪಡೆಗೆ ದಳವಾಯಿ ಗುಳ್ಯಪ್ಪ ಅಂತ, ಮೋಟು ಆಳು, ದೊಡ್ಡ ರುಮಾಲು. ಅವನ ಮುಂದೆ ಹೋಗಿ ನಿಂತಳು. "ಬುದ್ಧಿ, ಕಟ್ಕೊಂಡವಳು ನಾನು. ಅವನು ರಕ್ಕಸ ಆಗಿದ್ರೆ ನನಗೆ ಗೊತ್ತಾಗ್ತಿರಲಿಲ್ವಾ? ಒಂದು ಮುದ್ದೆ ಮೇಲೆ ಇನ್ನೊಂದು ಮುದ್ದೆ ಕೇಳಿದವನಲ್ಲ. ಮಗೂನ ಮುಖ ಸಹ ನೋಡಿಲ್ಲ ಅವನು!"

"ಏನ್ ಮಾಡೋದವ್ವಾ, ತೊಲೆ ಸುಳ್ಳು ಹೇಳಲ್ಲ. ಅವನು ಈಚೆ ಕಾಲಿಟ್ರೆ ಈಟಿಗೆ ಕೊಡ್ತೀವಿ" ಅಂದ ದಳವಾಯಿ.

ಈರಕ್ಕ ಸಂತೆ ದಿನ ಸಣ್ಣಪ್ಪನ ಕೈಲಿ ಬುತ್ತಿ ಕಳಿಸಿದಳಂತೆ. "ಹೇಗಿದ್ದಾನಪ್ಪಾ ನನ್ನ ಗಂಡ?" ಅಂತ ಕೇಳಿದಳು. ಸಣ್ಣಪ್ಪ ತಲೆ ಕೆರ್ಕೊಂಡ. "ಏನು ಹೇಳಲಿ ತಾಯೀ. ನಮ್ಮ ಹಟ್ಟಿ ಜಗಲಿ ಮೇಲೆ ಕೂತ್ಕೊಂಡು, ಮನುಷ್ಯರನ್ನ ತಿನ್ನೋದು ಹೇಗೆ ಹೇಳ್ಕೊಡಿ ಅಂತಾನೆ. ನಮಗೇ ಗೊತ್ತಿಲ್ಲ, ನಾವು ತಿನ್ನೋದು ಹುರುಳಿಕಾಳು. ಆಮೇಲೆ ಮಗೂನ ನೆನೆಸ್ಕೊಂಡು ಅಳ್ತಾನೆ. ಅವನು ಅಳೋದು ನೋಡಿ ನಮ್ಮವ್ವನೂ ಅಳ್ತಾಳೆ. ನಮ್ಮವ್ವ ಅತ್ತರೆ ಅಂಗಳವೆಲ್ಲ ಕೆಸರು."

ಅಮಾವಾಸ್ಯೆ ಬಂತು. ಈರಕ್ಕ ಬಾಗಿಲ ನೆಲ ಸಾರಿಸ್ತಾ ಕೂತಿದ್ಳು. ಪಕ್ಕದ ಗೋಡೇಲಿ ದೀಪದ ಗೂಡು. ಅವಳ ಅತ್ತೆ ಮದುವೆಯಾಗಿ ಬಂದಾಗ ತುದಿಗಾಲಲ್ಲಿ ನಿಂತು ದೀಪ ಇಡ್ತಿದ್ದಳಂತೆ. ಈಗ ನೋಡಿದ್ರೆ ಗೂಡು ಕೂತವಳ ಮೂಗಿನ ನೇರಕ್ಕಿದೆ! ಈರಕ್ಕ ಸಗಣಿ ಕೈಯಲ್ಲೇ ಓಡಿದಳು. "ಬುದ್ಧಿ, ಬೆಳೆದಿರೋದು ನನ್ನ ಗಂಡ ಅಲ್ಲ, ನೆಲ! ಕೆರೆಸಿ ಬುದ್ಧಿ!"

ದಳವಾಯಿ ಹೊಟ್ಟೆ ಹಿಡ್ಕೊಂಡು ನಕ್ಕ. "ನೆಲ ಎಲ್ಲಾದ್ರೂ ಬೆಳೀತದೇನವ್ವಾ? ಅದೇನು ಹಲಸಿನಕಾಯಾ? ಹೋಗು, ಸೇವೆ ಮಾಡು, ದೇವರು ಕಣ್ಣು ಬಿಡ್ತಾನೆ."

ಈರಕ್ಕನಿಗೆ ಮೈಯೆಲ್ಲ ಉರಿದು ಹೋಯ್ತು. "ಆಗಲಿ ಬುದ್ಧಿ, ಸೇವೆ ತಾನೇ? ಮಾಡ್ತೀನಿ" ಅಂದಳು. ಅವತ್ತಿಂದ ದಿನಾ ಬೆಳಗ್ಗೆ ಮಣ್ಣು, ದಿನಾ ಸಂಜೆ ಮಣ್ಣು. ಸುರಿದಳು, ಬಡಿದಳು, ಸಾರಿಸಿದಳು. ಮತ್ತೆ ಸುರಿದಳು, ಬಡಿದಳು, ಸಾರಿಸಿದಳು. ದಳವಾಯಿ ಎಲ್ಲರಿಗೂ ಕರೆದು ತೋರಿಸಿದನಂತೆ, "ನೋಡ್ರಯ್ಯಾ, ಭಕ್ತಿ ಅಂದ್ರೆ ಇದು!"

ಹುಣ್ಣಿಮೆ ಬಂತು. ಮೊದಲನೇ ಸಿಪಾಯಿ ನಡೆದ, ಠಪ್! "ರಕ್ಕಸ! ಆಚೆ ನಡಿ!" ಎರಡನೆಯವನು, ಠಪ್! ಮೂರನೆಯವನು, ಠಪ್! ಬಾರಿಸಿ ಬಾರಿಸಿ ನಗಾರಿಯೋನ ಕೈ ಸೋತು ಹೋಯ್ತು, ಆಮೇಲೆ ಅವನದೂ ಠಪ್! ಕೊನೆಗೆ ಉಳಿದವನು ದಳವಾಯಿ ಒಬ್ಬ. ರುಮಾಲು ತೆಗೆದಿಟ್ಟು, ಉಸಿರು ಬಿಗಿಹಿಡಿದು ನಡೆದ. ಠಪ್! ಸುತ್ತ ನೋಡಿದ. ಅಟ್ಟೋಕೆ ಯಾರೂ ಇಲ್ಲ. "ಏಯ್ ರಕ್ಕಸ, ಆಚೆ ನಡಿ!" ಅಂತ ತಾನೇ ಗದರಿದ, "ತಪ್ಪಾಯ್ತು ಬುದ್ಧಿ" ಅಂತ ತಾನೇ ಅಂದ, ತನ್ನ ಈಟೀಲಿ ತನ್ನನ್ನೇ ತಿವ್ಕೊಂಡು ಆಚೆ ಹೋದನಂತೆ.

ಬಾಗಿಲಲ್ಲಿ ಈಗ ಯಾರೂ ಇಲ್ಲ. ಈರಕ್ಕ ಮಗು ಎತ್ಕೊಂಡು ಬಂದು ಕೂಗಿದಳು. ಪಾಲಯ್ಯ ಎದ್ದು ಬಿದ್ದು ಓಡಿ ಬಂದ. ಬಂದವನು ತೊಲೆ ಆಚೆಗೇ ನಿಂತುಬಿಟ್ಟ.

"ಬಾರಯ್ಯಾ, ತಡೆಯೋರು ಯಾರೂ ಇಲ್ಲ."

"ಹೇಗೆ ಬರಲೇ? ತಲೆ ತಾಗ್ತದೆ. ನಾನು ರಕ್ಕಸ."

"ಬಗ್ಗು."

"ಬಗ್ಗಿದವನು ಕಳ್ಳ ಕಣೇ. ಪಡೆ ಅನ್ನ ಉಂಡು ಆಣೆ ಮಾಡಿದೀನಿ."

ಈರಕ್ಕನಿಗೆ ಅಳು ತಡೀಲಿಲ್ಲ. "ಕಳ್ಳನಾಗೇ ಬಾರಯ್ಯಾ! ಮಗೂಗೆ ಅಪ್ಪ ಬೇಕು. ಕಳ್ಳ ಅಪ್ಪ ಆದ್ರೂ ಆಗ್ತದೆ, ಅಪ್ಪ ಇಲ್ಲದೆ ಆಗಲ್ಲ."

ಮಗು ಎರಡೂ ಕೈ ಚಾಚಿತು. ಪಾಲಯ್ಯ ತೊಲೆ ನೋಡಿದ, ಮಗು ನೋಡಿದ. ಹುಟ್ಟಿದಾಗಿಂದ ಯಾರಿಗೂ ಬಗ್ಗದ ಆಳು, ಬಗ್ಗಿದ. ಬಗ್ಗಿ ಈಚೆ ಬಂದು ಮಗೂನ ಎದೆಗೆ ಅವಚಿಕೊಂಡು ಗೊಳೋ ಅಂತ ಅತ್ತ.

ಆಚೆ ಪಡೆಯೆಲ್ಲ ಸಾಲಾಗಿ ನಿಂತು ಬಾಯಿ ಬಿಟ್ಕೊಂಡು ನೋಡ್ತಿತ್ತು. "ಕಳ್ಳ! ಕಳ್ಳ!" ಅಂತ ದಳವಾಯಿ ಈಟಿ ಎತ್ತಿದ. ಅಷ್ಟರಲ್ಲಿ ಅವನ ಹೆಂಡತಿ ಈಚೆಯಿಂದ ಕೂಗಿದಳು, "ಏನ್ರೀ, ಬಸ್ಸಾರು ಮಾಡಿದೀನಿ. ಬರ್ತೀರೋ, ನಾಯಿಗೆ ಹಾಕಲೋ?" ದಳವಾಯಿ ಹಿಂದೆ ನೋಡಿದ, ಮುಂದೆ ನೋಡಿದ. ಈಟಿ ಗೋಡೆಗೆ ಒರಗಿಸಿದ. "ಯಾರೂ ನೋಡಬೇಡ್ರಯ್ಯಾ" ಅಂತ ಹೇಳಿ ಅಂಬೆಗಾಲಲ್ಲಿ ಒಳಗೆ ಬಂದ. ಅವನ ಹಿಂದೆ ಇಡೀ ಪಡೆ, ಒಬ್ಬೊಬ್ಬನೂ ಕಣ್ಣು ಮುಚ್ಕೊಂಡು, ಬಗ್ಗಿಕೊಂಡು ಬಂತಂತೆ.

ಅವರು ಅಲ್ಲಿ ಉಂಡು ಕೈ ತೊಳೆದ್ರು, ನಾವು ಇಲ್ಲಿ ಬರೀ ಎಲೆ ಮುಂದೆ ಕೂತಿದ್ದೀವಿ. ಏಳ್ರವ್ವಾ, ಯಾರಾದ್ರೂ ಬಡಿಸಿ.